ಉಬ್ಬರವಿಳಿತದ ಕರೆಂಟು: ನಮಗೆ ಯಾಕೆ ಸಿಗುತ್ತಿಲ್ಲ?

ನಂಗಲಿಗೆ ಸಮುದ್ರ ಬಲು ದೂರ. ಆದರೂ ದೂರದ ನೀರಿನಿಂದ ಕರೆಂಟು ತರುವುದು ಕೋಲಾರ ಸೀಮೆಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕಾವೇರಿ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೆಜಿಎಫ್ ಗಣಿ ಸೇರಿತ್ತು!

ಹಾಗಾದರೆ ಮಂಗಳೂರಿನ ಕಡಲಿಂದ ಯಾಕೆ ತರಬಾರದು?

ಉಬ್ಬರ ಬಂದಾಗ ನೀರನ್ನು ಕಟ್ಟೆಯೊಳಗೆ ತುಂಬಿಸಿ, ಇಳಿತದಲ್ಲಿ ಟರ್ಬೈನ್ ಮೂಲಕ ಹೊರಬಿಡುತ್ತಾರೆ. ಫ್ರಾನ್ಸಿನ ಲಾ ರಾನ್ಸ್ ಸ್ಥಾವರ 1966ರಲ್ಲೇ ಶುರುವಾಯಿತು. ಸಾಮರ್ಥ್ಯ 240 ಮೆಗಾವಾಟ್. ಅಲ್ಲಿ ನೀರಿನ ಏರಿಳಿತ ಸರಾಸರಿ 8 ಮೀಟರ್. ಮಂಗಳೂರಲ್ಲಿ ಎರಡು ಮೀಟರಿಗೂ ಕಮ್ಮಿ.

ತೊಡಕು ಇರುವುದು ಇಲ್ಲೇ. ಏರಿಳಿತ ಅರ್ಧಕ್ಕಿಳಿದರೆ, ಅಷ್ಟೇ ಅಗಲದ ಕಟ್ಟೆಯಿಂದ ಸಿಗುವ ಶಕ್ತಿ ಕಾಲು ಭಾಗಕ್ಕೆ ಕುಸಿಯುತ್ತದೆ.

ಹಾಗಾಗಿ ನಂಗಲಿಗೆ ಹೊಂದುವುದು ಬಿಸಿಲೇ. ಮನೆ ಮಾಳಿಗೆಗೆ ಸೋಲಾರ್ ಹಾಕಿಸುವ ಬಗ್ಗೆ ಬೆಸ್ಕಾಂ ಕಚೇರಿಯಲ್ಲಿ ಇವತ್ತೇ ವಿಚಾರಿಸಿ.