ಅಜ್ಜಿ ಹೇಳಿದ ಡಬ್ಬಿ, ತಾಯಿ ಹಿಡಿದ ಹಟ

ಬೀಜಾಡಿ: "ಹಾಲೇ ಇಲ್ಲೆ ಮಾರಾಯ್ತಿ, ಮಗು ಮರ್ಕುದ್ ಕಾಂತಿಲ್ಯಾ? ಕೋಟೇಶ್ವರಕ್ಕೆ ಹೋಯಿ ಒಂದ್ ಡಬ್ಬಿ ತರೂಕ್ ಹೇಳ್!"

ಬಾಣಂತಿ ಇರುವ ಮನೆಯಲ್ಲಿ ಈ ಮಾತು ಕೇಳದ ಊರು ಕುಂದಾಪುರ ಸೀಮೆಯಲ್ಲಿ ಯಾವುದಿದೆ? ರಾಷ್ಟ್ರೀಯ ಹೆದ್ದಾರಿಗೂ ಸಮುದ್ರಕ್ಕೂ ನಡುವೆ ತೆಂಗಿನ ತೋಟಗಳಲ್ಲಿ ಅಡಗಿ ಕೂತ ಬೀಜಾಡಿಯೂ ಅದಕ್ಕೆ ಹೊರತಲ್ಲ. ಹೆರಿಗೆಯಾಗಿ ಮೂರು ದಿನ ಆಗಿರುತ್ತದೆ. ಆಸ್ಪತ್ರೆಯ ನರ್ಸಮ್ಮ ಎದೆಹಾಲೊಂದೇ ಸಾಕು ಎಂದು ಹೇಳಿ ಕಳಿಸಿರುತ್ತಾರೆ. ಮನೆಗೆ ಬಂದರೆ ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯ ಅಕ್ಕ ಎಲ್ಲ ಸೇರಿ ಬೇರೆಯೇ ತೀರ್ಪು ಕೊಡುತ್ತಾರೆ. ಗಂಡನೋ ಬೆಂಗಳೂರಿನ ಹೋಟೆಲಿನಲ್ಲಿ, ಇಲ್ಲವೇ ಮಲ್ಪೆಯ ಬೋಟಿನಲ್ಲಿ. ಫೋನು ಮಾಡಿದರೆ "ದೊಡ್ಡವ್ರ್ ಹೇಳಿದ್ ಹಾಂಗೆ ಮಾಡ್" ಎನ್ನುತ್ತಾನೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಮೈಯೆಲ್ಲ ನೋವು, ನಿದ್ದೆ ಇಲ್ಲ, ಮಡಿಲಲ್ಲಿ ಅಳುವ ಕೂಸು. ಅವಳು ಯಾರ ಹತ್ತಿರ ವಾದ ಮಾಡಬೇಕು?

ಕರಾವಳಿಯಲ್ಲಿ ಇನ್ನೊಂದು ತೊಡಕುಂಟು. ಇಲ್ಲಿ ಚೊಚ್ಚಲ ಹೆರಿಗೆ, ಬಾಣಂತನ ಸಾಮಾನ್ಯವಾಗಿ ತವರಿನಲ್ಲೇ. ಕತೆ ಕಾದಂಬರಿಗಳಲ್ಲಿ ಬರುವ ಅತ್ತೆ-ಸೊಸೆ ಜಗಳ ಇದಲ್ಲ. ಬೇಡ ಎನ್ನುವವಳು ಹೆತ್ತ ತಾಯಿಯೇ, ಎತ್ತಿ ಆಡಿಸಿದ ಅಜ್ಜಿಯೇ. ಬೆಳಗ್ಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವ ಕೈಯೂ ಅದೇ, ಡಬ್ಬಿ ತರಿಸುವ ಕೈಯೂ ಅದೇ. ಅತ್ತೆಯಾದರೆ ಬೆನ್ನ ಹಿಂದೆ ಗೊಣಗಬಹುದು, ಹೆತ್ತವಳ ಎದುರು ಏನನ್ನುವುದು?

ಹಾಗೆಂದು ಅಜ್ಜಿಯಂದಿರನ್ನು ದೂರುವುದು ಸಲ್ಲದು. ಅವರ ಕಾಲದ ಲೆಕ್ಕವೇ ಬೇರೆ ಇತ್ತು. ಡಬ್ಬಿಯ ಮೇಲೆ ದುಂಡುಕೆನ್ನೆಯ ಮಗುವಿನ ಚಿತ್ರ, ಪತ್ರಿಕೆ ತೆರೆದರೆ ಅದರದ್ದೇ ಜಾಹೀರಾತು. ಡಬ್ಬಿ ಹಾಲು ಕುಡಿಸುವ ಮನೆ ಅನುಕೂಲಸ್ಥರ ಮನೆ ಎಂಬ ಹೆಸರು ಬೇರೆ. ಖಾಲಿ ಡಬ್ಬಿಯಲ್ಲಿ ಮೆಂತೆ, ಸಾಸಿವೆ ತುಂಬಿಸಿ ಅಡುಗೆಮನೆಯ ನಾಗಂದಿಗೆಯ ಮೇಲೆ ಸಾಲಾಗಿ ಇಡುತ್ತಿದ್ದರು, ಬಂದವರಿಗೆ ಕಾಣಬೇಕಲ್ಲ! ಇನ್ನು ಮೀನು ಬುಟ್ಟಿ ಹೊತ್ತು ಪೇಟೆಗೆ ಹೋಗುವವಳಿಗೆ, ನೇಜಿ ನೆಡುವವಳಿಗೆ, ಗೇರುಬೀಜದ ಕಾರ್ಖಾನೆಯಲ್ಲಿ ದಿನಗೂಲಿಗೆ ಕೂರುವವಳಿಗೆ ರಜೆ ಎಂಬುದೇ ಇರಲಿಲ್ಲ. ನಲವತ್ತು ದಿನ ಕಳೆಯಿತೋ ಇಲ್ಲವೋ ಕೆಲಸ ಕರೆಯುತ್ತಿತ್ತು. ಮಗುವನ್ನು ಅಜ್ಜಿಯ ಕೈಗೆ, ಬಾಟ್ಲಿಯ ಬಾಯಿಗೆ ಒಪ್ಪಿಸಿ ಹೊರಡಲೇಬೇಕಿತ್ತು. "ನಿಮ್ಮನ್ನೆಲ್ಲ ನಾವ್ ಡಬ್ಬಿ ಹಾಲಲ್ಲೇ ಸಾಕಿದ್ದ್, ನಿಮ್ಗೆ ಈಗ ಎಂತ ಆಯ್ತ್?" ಎಂದು ಅವರು ಕೇಳಿದರೆ ಅದರಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚು. ಮಗಳು ಡಬ್ಬಿ ಬೇಡ ಎಂದರೆ, ನಾನು ನಿನ್ನನ್ನು ಸಾಕಿದ್ದು ತಪ್ಪು ಎಂದ ಹಾಗೆ ಅವರಿಗೆ ಕೇಳಿಸುತ್ತದೆ.

ಆ ಡಬ್ಬಿಯ ಚರಿತ್ರೆಯೂ ಸಣ್ಣದಲ್ಲ. ಬಡದೇಶಗಳಲ್ಲಿ ಕಂಪೆನಿಗಳು ಹಾಲಿನ ಪುಡಿಯನ್ನು ಹೇಗೆ ಮಾರುತ್ತಿವೆ ಎಂದು 1974ರಲ್ಲಿ ಇಂಗ್ಲೆಂಡಿನಿಂದ ಒಂದು ಕಿರುಪುಸ್ತಕ ಹೊರಟಿತು. ಶುದ್ಧ ನೀರಿಲ್ಲದ, ಬಾಟ್ಲಿ ಕುದಿಸಲು ಸೌದೆ ಇಲ್ಲದ, ದುಡ್ಡು ಸಾಲದೆ ಪುಡಿಯನ್ನು ತೆಳ್ಳಗೆ ಕಲಸುವ ಮನೆಗಳಲ್ಲಿ ಕೂಸುಗಳು ಭೇದಿಗೆ ಬಲಿಯಾಗುತ್ತಿವೆ ಎಂಬುದು ಅದರ ಆರೋಪ. 1977ರಲ್ಲಿ ಅಮೆರಿಕದಲ್ಲಿ ಬಹಿಷ್ಕಾರ ಚಳವಳಿ ನಡೆಯಿತು. 1981ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಹಾಲುಪುಡಿ ಮಾರಾಟಕ್ಕೆ ಒಂದು ಸಂಹಿತೆಯನ್ನೇ ಅಂಗೀಕರಿಸಿತು. ಪರವಾಗಿ 118 ಮತ, ವಿರುದ್ಧ ಒಂದೇ ಒಂದು. ಆ ಒಂದು ಅಮೆರಿಕದ್ದು.

ನಮ್ಮ ದೇಶದಲ್ಲಿ 1992ರಲ್ಲಿ ಕಾಯಿದೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಅಂಗಡಿಯವರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಹಾಲುಪುಡಿ ಮಾರುವುದು ತಪ್ಪಲ್ಲ. ಆದರೆ ಅದರ ಜಾಹೀರಾತು ಹಾಕುವ ಹಾಗಿಲ್ಲ, ಸ್ಯಾಂಪಲ್ ಹಂಚುವ ಹಾಗಿಲ್ಲ, ಒಂದು ಡಬ್ಬಿಗೆ ಒಂದು ಚಮಚವೋ ಲೋಟವೋ ಉಚಿತ ಎಂದು ಆಸೆ ತೋರಿಸುವ ಹಾಗೂ ಇಲ್ಲ. ಫೀಡಿಂಗ್ ಬಾಟ್ಲಿಗೂ ಇದೇ ನಿಯಮ. ಡಬ್ಬಿಯ ಮೇಲೆ ಮಗುವಿನ ಚಿತ್ರವಾಗಲಿ, ಹೆಂಗಸಿನ ಚಿತ್ರವಾಗಲಿ ಇರಕೂಡದು. ತಾಯಿಯ ಹಾಲೇ ಶ್ರೇಷ್ಠ ಎಂಬ ಮಾತು ಇರಲೇಬೇಕು. ಜಾಹೀರಾತು, ಉಡುಗೊರೆಗಳ ನಿಷೇಧ ಮೀರಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಜ್ಜಿಯ ನೆನಪಿನ ದುಂಡುಕೆನ್ನೆಯ ಮಗು ಡಬ್ಬಿಯಿಂದ ಮಾಯವಾದದ್ದು ಹೀಗೆ. ಅಜ್ಜಿಯ ಮನಸ್ಸಿನಿಂದ ಮಾಯವಾಗಿಲ್ಲ, ಅಷ್ಟೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಾಲು ಇಲ್ಲ ಎಂಬುದು ನಿಜವೇ?

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ ದಪ್ಪ ಹಾಲು. ಚಮಚ ಲೆಕ್ಕದಲ್ಲಿ ಬರುತ್ತದೆ. ಹಳಬರು ಅದನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲಿಸುತ್ತಿದ್ದರು, ಬದಲಿಗೆ ಜೇನುತುಪ್ಪವನ್ನೋ ಬೆಲ್ಲದ ನೀರನ್ನೋ ನೆಕ್ಕಿಸುತ್ತಿದ್ದರು. ಹಟ್ಟಿಯಲ್ಲಿ ದನ ಕರು ಹಾಕಿದರೆ ಗಿಣ್ಣು ಮಾಡಿ ನೆರೆಮನೆಗೆಲ್ಲ ಹಂಚುವ ನಾವೇ, ಮಗುವಿನ ಪಾಲಿನ ಗಿಣ್ಣುಹಾಲನ್ನು ಚೆಲ್ಲುತ್ತಿದ್ದೆವು ಎಂದರೆ ವಿಚಿತ್ರ ಅಲ್ಲವೇ! ರೋಗ ತಡೆಯುವ ಶಕ್ತಿ ಇರುವುದೇ ಆ ಹಳದಿ ಹಾಲಿನಲ್ಲಿ. ಹುಟ್ಟಿದ ದಿನ ಕೂಸಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಸುವುದೂ ಒಂದೆರಡು ಚಮಚ ಮಾತ್ರ. ಹಾಗಾಗಿ ಬಂದದ್ದು ಕಮ್ಮಿಯಲ್ಲ, ಬೇಕಾದಷ್ಟೇ. ಜೇನು ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ ಎನ್ನುತ್ತಾರೆ ಡಾಕ್ಟರು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವನ್ನು ಎಳೆಗರುಳು ತಡೆಯಲಾರದು.

ಮೂರನೆಯ ನಾಲ್ಕನೆಯ ದಿನಕ್ಕೆ ಹಾಲು ತುಂಬಿ ಬರುತ್ತದೆ. ಕೂಸು ಎಷ್ಟು ಎಳೆಯುತ್ತದೋ ಅಷ್ಟು ಊರುತ್ತದೆ. ಬಾವಿಯ ಒರತೆಯಂತೆ ಎನ್ನಬಹುದು. ಡಬ್ಬಿಯ ಅಪಾಯ ಇರುವುದು ಇಲ್ಲೇ. ಎರಡು ಹೊತ್ತು ಬಾಟ್ಲಿ ಕೊಟ್ಟರೆ ಆ ಎರಡು ಹೊತ್ತು ಮಗು ಎದೆ ಎಳೆಯುವುದಿಲ್ಲ, ಒರತೆ ಕಮ್ಮಿಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ "ನಾ ಆಗ್ಳೇ ಹೇಳ್ಲಿಲ್ಯಾ, ಹಾಲ್ ಇಲ್ಲೆ ಅಂದ್ಕಂಡ್" ಎಂಬ ಮಾತು ನಿಜವೇ ಆಗಿಬಿಡುತ್ತದೆ! ಅದರ ಮೇಲೆ ಮನೆಯಲ್ಲಿ ದಿನವಿಡೀ ಚುಚ್ಚುಮಾತು ಇದ್ದರೆ ಇನ್ನೂ ಕಷ್ಟ. ತಾಯಿ ಹೆದರಿದರೆ, ಅತ್ತರೆ, ಎದೆಯಲ್ಲಿ ಇರುವ ಹಾಲೂ ಸಲೀಸಾಗಿ ಇಳಿಯುವುದಿಲ್ಲ. ಇದು ಬರೀ ಸಮಾಧಾನದ ಮಾತಲ್ಲ, ದೇಹ ನಡೆಯುವ ರೀತಿಯೇ ಹಾಗೆ.

ಮಗು ಅತ್ತದ್ದೆಲ್ಲ ಹಸಿವಿಗೇ ಅಲ್ಲ. ಒದ್ದೆಗೆ ಅಳುತ್ತದೆ, ಸೆಕೆಗೆ ಅಳುತ್ತದೆ, ಎತ್ತಿಕೊಳ್ಳಲಿಲ್ಲ ಎಂದೂ ಅಳುತ್ತದೆ. ಸಂಜೆ ಹೊತ್ತು ಅರ್ಧರ್ಧ ಗಂಟೆಗೊಮ್ಮೆ ಹಾಲು ಕೇಳುವ ಕೂಸುಗಳೂ ಉಂಟು. ಸಾಕಾಗುತ್ತಿದೆಯೋ ಇಲ್ಲವೋ ಎಂದು ನೋಡಲು ಅಳು ಒಳ್ಳೆಯ ತಕ್ಕಡಿಯಲ್ಲ. ಐದನೆಯ ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದೇ ಲೆಕ್ಕ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಬಂದು, ಮುಂದೆ ದಿನಕ್ಕೆ 25-30 ಗ್ರಾಂ ಏರುತ್ತದೆ. "ಒಂದ್ ಚಮಚ ನೀರಾರೂ ಕೊಡ್, ಬಾಯಿ ಒಣಗತ್ತ್" ಎಂಬುದು ಏಪ್ರಿಲ್ ಮೇ ಸೆಕೆಯಲ್ಲಿ ಬರುವ ಮತ್ತೊಂದು ವರಾತ. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಕಡಲತಡಿಯಲ್ಲಿ ಇದಕ್ಕಿಂತ ಶುದ್ಧ ನೀರು ಎಲ್ಲಿದೆ? ಬಾಯಾರುವುದು ತಾಯಿಗೆ. ಬಾಣಂತಿಗೆ ನೀರು ಕಮ್ಮಿ ಕೊಡಬೇಕೆಂಬ ಹಳೆಯ ಪಥ್ಯವನ್ನು ಬಿಟ್ಟು ಅವಳಿಗೆ ಚೆಂಬು ತುಂಬ ಕೊಟ್ಟರಾಯಿತು.

ಎಲ್ಲರಿಗೂ ಸಲೀಸು ಎಂದೇನೂ ಇಲ್ಲ. ದಿನ ತುಂಬದ ಕೂಸು, ತೂಕ ಏರದ ಕೂಸು, ತಾಯಿಗೇ ಕಾಯಿಲೆ, ಇಂಥ ಕಡೆ ಡಾಕ್ಟರು ಪುಡಿ ಹಾಲು ಬರೆದುಕೊಟ್ಟರೆ ಕೊಡಲೇಬೇಕು. ಅದನ್ನು ಯಾರೂ ಅವಮಾನವೆಂದು ತಿಳಿಯಬಾರದು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್ 1989ರಲ್ಲಿ ಎದೆಹಾಲಿನ ಬ್ಯಾಂಕು ತೆರೆದದ್ದು ಇಂಥ ಕೂಸುಗಳಿಗಾಗಿಯೇ. ಈಗ ಬೆಂಗಳೂರಿನ ವಾಣಿವಿಲಾಸ, ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗಳಲ್ಲೂ ಅಂಥ ಬ್ಯಾಂಕು ಬಂದಿದೆ.

ಹಾಗಾದರೆ ಮನೆಯವರನ್ನು ಒಪ್ಪಿಸುವುದು ಹೇಗೆ? ವಾದ ಮಾಡಿ ಅಜ್ಜಿಯನ್ನು ಗೆದ್ದವರು ಯಾರೂ ಇಲ್ಲ. "ಅಜ್ಜಿ, ನೀನ್ ಹೇಳುದ್ ಸಮ, ಆರೆ ಡಾಕ್ಟ್ರ್ ಹತ್ರ ನೀನೇ ಬಾ, ನೀನೇ ಕೇಣ್" ಎನ್ನುವುದು ಜಾಣತನ. ಮೊಮ್ಮಗಳ ಬಾಯಲ್ಲಿ ಬಂದರೆ ಉದ್ಧಟತನವಾಗುವ ಮಾತು ಡಾಕ್ಟರ ಬಾಯಲ್ಲಿ ಬಂದರೆ ಸಲಹೆಯಾಗುತ್ತದೆ. ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಆ ದಿನ ತೂಕ ಹಾಕಿ ಕಾರ್ಡಿನಲ್ಲಿ ಬರೆಯುವಾಗ ಬಾಣಂತಿ ಒಬ್ಬಳೇ ಕೂರಬಾರದು, ಅಜ್ಜಿಯನ್ನೂ ಕರೆದು ಎದುರಿಗೆ ಕೂರಿಸಬೇಕು. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತಕ್ಕಡಿಯ ಮುಳ್ಳಿನ ಎದುರು ಯಾರೂ ಚೌಕಾಶಿ ಮಾಡುವುದಿಲ್ಲ.

ಇನ್ನೊಂದು ಉಪಾಯ, ಅಜ್ಜಿಗೆ ಕೆಲಸ ಕೊಡುವುದು. ಮಗುವಿಗೆ ಬಾಟ್ಲಿ ಹಿಡಿಯುವುದರಲ್ಲಿ ಅವರಿಗೆ ಕಾಣುವುದು ಮಗುವನ್ನು ಎತ್ತಿಕೊಳ್ಳುವ ಹಕ್ಕು. ಹಾಲು ಕುಡಿದ ಮೇಲೆ ಹೆಗಲ ಮೇಲೆ ಹಾಕಿ ತೇಗು ಬರಿಸುವುದು, ಮೀಯಿಸುವುದು, ತೊಟ್ಟಿಲು ತೂಗುವುದು ಎಲ್ಲ ಅವರದೇ ಆಗಲಿ. ತಾಟೆ ಮೀನಿನ ಸಾರು ಹಾಲು ಹೆಚ್ಚಿಸುತ್ತದೆ ಎಂದು ಅಜ್ಜಿ ಮಾಡಿಕೊಟ್ಟರೆ ಬೇಡವೆನ್ನುವುದು ಯಾಕೆ? ಹಾಲು ಹೆಚ್ಚುತ್ತದೋ ಬಿಡುತ್ತದೋ, ಅಜ್ಜಿಯಂತೂ ಹಾಲಿನ ಪಕ್ಷಕ್ಕೆ ಬಂದ ಹಾಗಾಯಿತು! ಗಂಡ ಎನಿಸಿಕೊಂಡವನು ಊರಿಗೆ ಫೋನು ಮಾಡಿದಾಗ ಹೆಂಡತಿಗಲ್ಲ, ಅತ್ತೆಗೆ ಒಂದು ಮಾತು ಹೇಳಬೇಕು: "ಆರು ತಿಂಗಳು ಡಬ್ಬಿ ಬೇಡ ಅಂತ ನಾವಿಬ್ಬರೂ ಸೇರಿಯೇ ತೀರ್ಮಾನ ಮಾಡಿದ್ದು." ಅಳಿಯನ ಮಾತಿಗೆ ತವರುಮನೆಯಲ್ಲಿ ಇನ್ನೂ ಸ್ವಲ್ಪ ಬೆಲೆ ಉಂಟು.

"ಹೇಗೂ ಕೆಲಸಕ್ಕೆ ಹೋಪ್ದಲ್ಲ, ಈಗ್ಲೇ ಬಾಟ್ಲಿ ಅಭ್ಯಾಸ ಮಾಡ್ಸ್" ಎಂಬ ವಾದಕ್ಕೂ ಉತ್ತರವಿದೆ. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಸಂಬಳ ಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆಮೇಲಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಲೆಕ್ಕ. ಇಪ್ಪತ್ತಾರು ವಾರ ಎಂದರೆ ಸರಿಯಾಗಿ ಆರು ತಿಂಗಳು. ಕೆಲಸಕ್ಕೆ ಮರಳಿದ ಮೇಲೂ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು. ಬುಟ್ಟಿ ಹೊತ್ತು ಮೀನು ಮಾರುವವಳಿಗೆ ಈ ರಜೆ ಯಾರು ಕೊಡುತ್ತಾರೆ ಎಂದು ಕೇಳಿದರೆ ಸರಕಾರದ ಬಳಿ ಉತ್ತರವಿಲ್ಲ. ಅವಳು ಹಾಲು ಹಿಂಡಿ ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟು ಹೋಗಬಹುದು. ತಂಪು ಹೊತ್ತಿನಲ್ಲಿ ಹೊರಗೆ ನಾಲ್ಕು ಗಂಟೆಯವರೆಗೆ ಕೆಡುವುದಿಲ್ಲ. ನಮ್ಮ ಸೆಕೆಗೆ ಅದಕ್ಕೂ ಮೊದಲೇ ಕುಡಿಸುವುದು ಒಳ್ಳೆಯದು, ಅದೂ ಬಾಟ್ಲಿಯಲ್ಲಲ್ಲ, ಒಳಲೆಯಲ್ಲೋ ಚಮಚದಲ್ಲೋ.

ಕೋರ್ಟುಗಳೂ ಈ ವಿಷಯದಲ್ಲಿ ತಾಯಿಯ ಕಡೆಗೇ ನಿಂತಿವೆ. ಬೆಂಗಳೂರಿನ ಆಸ್ಪತ್ರೆಯೊಂದರಿಂದ ಕದ್ದೊಯ್ದ ಕೂಸು ಕೊಪ್ಪಳದಲ್ಲಿ ಸಿಕ್ಕಿದ ಮೊಕದ್ದಮೆಯಲ್ಲಿ, ಹಾಲೂಡಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಸಂವಿಧಾನದ 21ನೆಯ ವಿಧಿಯಲ್ಲಿ ಅದು ಸೇರಿದೆ ಎಂದು ರಾಜ್ಯ ಹೈಕೋರ್ಟು 2021ರಲ್ಲಿ ಹೇಳಿತು. ಸಾರ್ವಜನಿಕ ಸ್ಥಳದಲ್ಲಿ ಹಾಲೂಡಿಸುವುದನ್ನು ಕೀಳಾಗಿ ಕಾಣಬಾರದು, ಅದಕ್ಕೆ ಜಾಗ ಮಾಡಿಕೊಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2025ರ ಫೆಬ್ರವರಿಯಲ್ಲಿ. ಕುಂದಾಪುರ-ಉಡುಪಿ ಬಸ್ಸಿನ ಪ್ರಯಾಣಿಕರಿಗೆ ಇದರಲ್ಲಿ ಕೆಲಸ ಬಹಳ ಇಲ್ಲ. ಕೂಸು ಎತ್ತಿಕೊಂಡವಳು ಹತ್ತಿದರೆ ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟು, ಮುಖ ಆಚೆ ತಿರುಗಿಸಿದರೆ ಮುಗಿಯಿತು.

ಆರು ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು, ಎರಡು ವರ್ಷದವರೆಗೆ ಅದರ ಜೊತೆಗೆ ಮೆತ್ತಗಿನ ಊಟವೂ ಬೇಕು ಎಂದು ಡಾಕ್ಟರೇ ಹೇಳುತ್ತಾರೆ. ರಾಗಿ ನೆನೆಹಾಕಿ, ಅರೆದು, ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟದ ಹಾಗೆ ಮಣ್ಣಿ ಕಾಯಿಸುವುದು ಬಾಣಂತಿಗೆ ಎಲ್ಲಿ ಬರುತ್ತದೆ? ಆ ದಿನ ಒಲೆಯ ಮುಂದೆ ಕೂರಬೇಕಾದವರು ಅಜ್ಜಿಯೇ.