ನೆರಳು ಹಿಂದಕ್ಕೆ ಸರಿದ ಬಂಡೆ

ಚಿತ್ರದುರ್ಗದವರ ಜೊತೆ ಕೂತು ‘ನಾಗರಹಾವು’ ನೋಡುವ ಸುಖವೇ ಬೇರೆ. ಕೋಟೆಯ ದೃಶ್ಯ ಬಂದ ಕೂಡಲೇ ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ: ‘ಅಲ್ಲಪ್ಪಾ, ಆ ಬಂಡೆ ಎಲ್ಲಿ, ಈ ಬಾಗಿಲು ಎಲ್ಲಿ!’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಕತೆಯಾಗಿ ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ಕೊಟ್ಟ ಚಿತ್ರ ಅದು. ಏಳು ಸುತ್ತಿನ ಕೋಟೆಯ ತಿರುವುಗಳೆಲ್ಲ ಕಾಲಿಗೇ ಗೊತ್ತಿರುವವರು ನೋಡುವಾಗ ತೆರೆಯ ಮೇಲಿನ ಕೋಟೆಯನ್ನು ತಮ್ಮ ಕೋಟೆಯ ಪಕ್ಕದಲ್ಲಿಟ್ಟು ಅಳೆಯದೆ ಇರಲಾರರು. ನನ್ನ ಕಣ್ಣು ಪಳಗಿದ್ದೂ ಹೀಗೆಯೇ. 80ರ ದಶಕದಲ್ಲಿ ದೂರದರ್ಶನ ಭಾನುವಾರದ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ತೋರಿಸತೊಡಗಿದಾಗ ಅದೇ ಕಣ್ಣು ಬಾಹ್ಯಾಕಾಶಕ್ಕೂ ಹೋಯಿತು. ಇಷ್ಟು ವರ್ಷ ತೆರೆಯ ಮೇಲಿನ ತಪ್ಪುಗಳನ್ನು ಹುಡುಕುತ್ತಾ ಬಂದ ಮೇಲೆ, ಹುಡುಕುವವರಾದ ನಾವೇ ನಂಬಿಕೊಂಡಿರುವ ಕೆಲವು ತಪ್ಪುಗಳನ್ನು ತಿದ್ದಬೇಕು ಅನ್ನಿಸಿದೆ.

ತಪ್ಪು ಕಲ್ಪನೆ: ಜಾಗ ಜಿಗಿದರೆ ಅದು ನಿರ್ದೇಶಕರ ಎಡವಟ್ಟು.

ವಾಸ್ತವ: ಊರಿನವರ ಮೊದಲ ದೂರು ಇದೇ, ಆದರೆ ಬಹುಪಾಲು ಇದು ತಪ್ಪೇ ಅಲ್ಲ. ಒಂದು ಕಡೆ ಹೆಜ್ಜೆ ಎತ್ತಿದವನು ಮತ್ತೊಂದು ಕಡೆ ಹೆಜ್ಜೆ ಊರಿದರೂ ನೋಡುವವನ ಮನಸ್ಸು ಎರಡನ್ನೂ ಒಂದೇ ದಾರಿಯಾಗಿ ಬೆಸೆದುಕೊಳ್ಳುತ್ತದೆ. ರಷ್ಯಾದ ಲೆವ್ ಕುಲೆಶೋವ್ 1920ರ ಸುಮಾರಿಗೇ ಬೇರೆ ಬೇರೆ ಜಾಗಗಳ ತುಣುಕುಗಳನ್ನು ಅಂಟಿಸಿ, ಎಲ್ಲೂ ಇಲ್ಲದ ಒಂದು ಜಾಗವನ್ನು ತೆರೆಯ ಮೇಲೆ ಕಟ್ಟಿ ತೋರಿಸಿದ್ದ. ಕತೆಗೆ ಬೇಕಾದ ಕೋಟೆಯನ್ನು ನಿರ್ದೇಶಕ ನಮ್ಮ ಕೋಟೆಯ ತುಂಡುಗಳಿಂದಲೇ ಕಟ್ಟಿಕೊಳ್ಳುತ್ತಾನೆ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಲಾಸ್ ಏಂಜಲೀಸ್ ಹತ್ತಿರ ವಾಸ್ಕೆಜ್ ರಾಕ್ಸ್ ಎಂಬ ಜಾಗವಿದೆ. ಓರೆಯಾಗಿ ಮುಗಿಲಿಗೆ ಚಾಚಿದ ಬಂಡೆಗಳು. 1967ರ ಜನವರಿಯಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ನ ‘ಅರೀನಾ’ ಕಂತಿನಲ್ಲಿ ಕ್ಯಾಪ್ಟನ್ ಕರ್ಕ್ ಹಲ್ಲಿಯಂಥ ಗಾರ್ನ್ ಜೊತೆ ಹೋರಾಡಿದ್ದು ಅಲ್ಲಿಯೇ. ಅದೇ ಧಾರಾವಾಹಿಯ ಬೇರೆ ಕಂತುಗಳಲ್ಲಿ ಅದೇ ಬಂಡೆಗಳು ಬೇರೆ ಗ್ರಹಗಳಾದವು. ಆ ಸೀಮೆಯ ಮಕ್ಕಳೂ ಟಿ.ವಿ. ಮುಂದೆ ಕೂತು ‘ಇದು ನಮ್ಮ ಗುಡ್ಡ ಅಲ್ಲವಾ’ ಅಂದಿರುತ್ತಾರೆ. ದುರ್ಗದವನಾಗಿ ಆ ಮಕ್ಕಳ ಖುಷಿಯೂ ತಕರಾರೂ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ಬಂಡೆಯ ನಾಡಿನಲ್ಲಿ ನಿಜವಾದ ಕಂಟಿನ್ಯೂಟಿ ತಪ್ಪನ್ನು, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆಯಾಗದ ತಪ್ಪನ್ನು, ಎಲ್ಲಿ ಹುಡುಕಬೇಕು? ನೆರಳಿನಲ್ಲಿ. ನಮ್ಮ ಬಂಡೆಗಳು ಬೆಳಿಗ್ಗೆ ಒಂದು ಬಣ್ಣ, ನಡುಮಧ್ಯಾಹ್ನ ಇನ್ನೊಂದು. ನೆತ್ತಿಯ ಮೇಲೆ ಸೂರ್ಯ ಬಂದಾಗ ನೆರಳು ಬುಡಕ್ಕೆ ಮುದುರಿಕೊಳ್ಳುತ್ತದೆ, ಸಂಜೆಗೆ ಮಾರುದ್ದ ಚಾಚುತ್ತದೆ. ಎರಡು ನಿಮಿಷದ ಮಾತುಕತೆಯನ್ನು ಬೆಳಗಿನಿಂದ ಸಂಜೆಯವರೆಗೆ ಚಿತ್ರೀಕರಿಸಿದರೆ, ಒಬ್ಬರು ಮಾತಾಡುವಾಗ ಮುಂದಿದ್ದ ನೆರಳು ಇನ್ನೊಬ್ಬರು ಉತ್ತರ ಕೊಡುವಷ್ಟರಲ್ಲಿ ಹಿಂದಕ್ಕೆ ಸರಿದುಬಿಟ್ಟಿರುತ್ತದೆ. ಗಡಿಯಾರ, ಬಳೆ, ಕುಂಕುಮವನ್ನು ಗಮನಿಸುವವರು ಸೆಟ್ಟಿನಲ್ಲಿ ಇರುತ್ತಾರೆ. ಸೂರ್ಯನನ್ನು ಯಾರೂ ಹಿಡಿದು ನಿಲ್ಲಿಸಲಾರರು.

ತಪ್ಪು ಕಲ್ಪನೆ: ಇಂಥ ತಪ್ಪುಗಳೆಲ್ಲ ನಿರ್ಲಕ್ಷ್ಯದ ಫಲ.

ವಾಸ್ತವ: ಈ ಮಾತು ಕೇಳಿದಾಗ ನನಗೆ ನೋವಾಗುತ್ತದೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ‘ಡಾಕ್ಟರ್ ಹೂ’ ಧಾರಾವಾಹಿಯನ್ನೇ ನೋಡಿ. ವಾರವಿಡೀ ತಾಲೀಮು, ಆಮೇಲೆ ಒಂದೇ ಸಂಜೆ 25 ನಿಮಿಷದ ಕಂತನ್ನು ಮೊದಲಿನಿಂದ ಕೊನೆಯವರೆಗೆ ಬಹುಮಟ್ಟಿಗೆ ನಾಟಕದ ಹಾಗೆ ಆಡಿ ಮುಗಿಸಬೇಕು. ಆಗಿನ ವಿಡಿಯೊ ಟೇಪನ್ನು ತಿದ್ದಬೇಕೆಂದರೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕಿತ್ತು. ಟೇಪು ದುಬಾರಿ, ಕತ್ತರಿಸಿದ ಟೇಪನ್ನು ಮತ್ತೆ ಬಳಸುವುದು ಕಷ್ಟ. ಹಾಗಾಗಿ ಮೊದಲ ಡಾಕ್ಟರನ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ತಡವರಿಸಿದ ಮಾತುಗಳು ಹಾಗೇ ಉಳಿದವು. ಕಂಪನಿ ನಾಟಕದಲ್ಲಿ ನಟ ಮಾತು ಮರೆತರೆ ಪಕ್ಕದವನು ಎತ್ತಿಕೊಡುತ್ತಿದ್ದ, ನಾಟಕ ಮುಂದಕ್ಕೆ ಹೋಗುತ್ತಿತ್ತು. ಇಲ್ಲೂ ಹಾಗೆಯೇ ಎಂದುಕೊಂಡು ನೋಡಿದರೆ ಆ ಕಂತುಗಳ ಮೇಲೆ ಗೌರವ ಹುಟ್ಟುತ್ತದೆ.

ಸಿನಿಮಾದಲ್ಲಿ ಕಾರಣ ಬೇರೆ. ಕತೆಯ ಕ್ರಮದಲ್ಲೇ ಚಿತ್ರೀಕರಿಸುವುದು ಅಪರೂಪ. ಕೋಟೆಯ ದೃಶ್ಯಗಳನ್ನೆಲ್ಲ ಒಟ್ಟಿಗೆ, ಮನೆಯ ದೃಶ್ಯಗಳನ್ನೆಲ್ಲ ಇನ್ನೊಮ್ಮೆ ತೆಗೆಯುತ್ತಾರೆ. ನಾಲ್ಕು ಟೇಕ್‌ಗಳಲ್ಲಿ ಒಂದರಲ್ಲಿ ನಟಿಯ ಕಣ್ಣು ತುಂಬಿ ಬಂದಿರುತ್ತದೆ, ಆದರೆ ಸೆರಗು ಬೇರೆ ಭುಜದ ಮೇಲಿರುತ್ತದೆ. ಒಳ್ಳೆಯ ಸಂಕಲನಕಾರ ಸೆರಗನ್ನು ಬಿಟ್ಟು ಕಣ್ಣನ್ನು ಆರಿಸಿಕೊಳ್ಳುತ್ತಾನೆ. ಅವನು ಆ ತಪ್ಪನ್ನು ತಿಳಿದೇ ಉಳಿಸಿಕೊಂಡಿರುತ್ತಾನೆ.

ತಪ್ಪು ಕಲ್ಪನೆ: ಒಮ್ಮೆ ತೆರೆಗೆ ಬಂದದ್ದೇ ಕೊನೆಯ ಮಾತು, ಆಮೇಲೆ ಬದಲಾದರೆ ಬರೆದವರಿಗೆ ಮರೆವು.

ವಾಸ್ತವ: ‘ಸ್ಟಾರ್ ಟ್ರೆಕ್’ನ ಒಂದು ಮೊದಮೊದಲ ಕಂತಿನಲ್ಲಿ ಕ್ಯಾಪ್ಟನ್‌ಗೆಂದು ಎಬ್ಬಿಸಿದ ಗೋರಿಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಎಂದಿದೆ. ಮುಂದೆ ಅವನು ಜೇಮ್ಸ್ ಟಿ. ಕರ್ಕ್. ಪ್ರಸಾರವಾದದ್ದು 1966ರ ಸೆಪ್ಟೆಂಬರ್‌ನಲ್ಲಾದರೂ ಆ ಕಂತನ್ನು ಮಾದರಿ ಕಂತಾಗಿ ತಯಾರಿಸಿದ್ದು ಅದಕ್ಕೆ ಮುಂಚಿನ ವರ್ಷ. ನಾಯಕನ ಹೆಸರು ಆಗಿನ್ನೂ ಗಟ್ಟಿಯಾಗಿರಲಿಲ್ಲ. ಕಲ್ಲಿನ ಮೇಲಿನ ಒಂದು ಅಕ್ಷರಕ್ಕೆ ಇಷ್ಟೊಂದು ಚರ್ಚೆ ಬೇಕೇ ಎಂದು ಕೇಳಿದವರಿಗೆ ನಾನು ನಮ್ಮ ಚಂದ್ರವಳ್ಳಿಯನ್ನು ನೆನಪಿಸುತ್ತೇನೆ. ಅಲ್ಲಿ ಬಂಡೆಯ ಮೇಲಿರುವ ಮಯೂರಶರ್ಮನ ಶಾಸನವನ್ನು ಓದುವುದರಲ್ಲಿ ವಿದ್ವಾಂಸರು ಅಕ್ಷರ ಅಕ್ಷರಕ್ಕೂ ಚರ್ಚೆ ಮಾಡಿದ್ದಾರೆ.

ಅದೇ ‘ಸ್ಟಾರ್ ಟ್ರೆಕ್’ನ ಅನ್ಯಗ್ರಹದ ಜನರಾದ ಕ್ಲಿಂಗನ್ನರ ಹಣೆಯದೂ ಇಂಥದೇ ಕತೆ. 60ರ ದಶಕದಲ್ಲಿ ನುಣುಪಾಗಿದ್ದ ಹಣೆ 1979ರ ಸಿನಿಮಾದಲ್ಲಿ ಏಣು ಏಣಾಯಿತು. ಕಾರಣ ಮೇಕಪ್ಪಿಗೆ ಸಿಕ್ಕ ದುಡ್ಡು. 2005ರ ಕಂತುಗಳಲ್ಲಿ ಅದಕ್ಕೊಂದು ರೋಗದ ಕತೆ ಕಟ್ಟಿ ಸಮಾಧಾನ ಹೇಳಿದರು. ನನಗೆ ದುಡ್ಡಿನ ಕಾರಣವೇ ಹೆಚ್ಚು ಇಷ್ಟ.

ತಪ್ಪು ಕಲ್ಪನೆ: ‘ಬೀಮ್ ಮಿ ಅಪ್, ಸ್ಕಾಟಿ’ (ನನ್ನನ್ನು ನೌಕೆಗೆ ಎಳೆದುಕೊ, ಸ್ಕಾಟಿ) ಎಂದು ಕರ್ಕ್ ಪ್ರತಿ ವಾರ ಹೇಳುತ್ತಿದ್ದ.

ವಾಸ್ತವ: ಮೂಲ ಧಾರಾವಾಹಿಯ 79 ಕಂತುಗಳಲ್ಲಿ ಈ ಮಾತು ಈ ಜೋಡಣೆಯಲ್ಲಿ ಒಮ್ಮೆಯೂ ಇಲ್ಲ. ಇದು ನೋಡಿದವರ ನೆನಪಿನ ಕಂಟಿನ್ಯೂಟಿ ತಪ್ಪು. ಅಂದ ಹಾಗೆ, ಮನುಷ್ಯರನ್ನು ಮಾಯಮಾಡಿ ಇಳಿಸುವ ಆ ಯಂತ್ರ ಹುಟ್ಟಿದ್ದೇ ವಾರವಾರವೂ ನೌಕೆಯನ್ನು ನೆಲಕ್ಕಿಳಿಸಿ ತೋರಿಸುವಷ್ಟು ಹಣ ಇಲ್ಲದ್ದರಿಂದ.

ತಪ್ಪು ಕಲ್ಪನೆ: ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಕೇಳಿಸುವುದು ಕಂಟಿನ್ಯೂಟಿ ತಪ್ಪು.

ವಾಸ್ತವ: ಅಲ್ಲ, ಅದು ವಿಜ್ಞಾನದ ತಪ್ಪು. ಗಾಳಿ ಇಲ್ಲದ ಕಡೆ ಸದ್ದು ಹಾಯುವುದಿಲ್ಲ. ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆಯಾಗದಿದ್ದರೆ ಮಾತ್ರ ಕಂಟಿನ್ಯೂಟಿ ತಪ್ಪು.

ತಪ್ಪು ಕಲ್ಪನೆ: ಹಳೆಯ ಪ್ರಿಂಟಿನಲ್ಲಿ ಇಲ್ಲದ ತಪ್ಪು ಹೊಸ ಪ್ರಿಂಟಿನಲ್ಲಿ ಸೇರಿಕೊಂಡಿದೆ.

ವಾಸ್ತವ: ಹಳೆಯ ಡಬ್ಬಿ ಟಿ.ವಿ.ಗಳು ಚಿತ್ರದ ನಾಲ್ಕೂ ಅಂಚುಗಳನ್ನು ಚೌಕಟ್ಟಿನ ಹಿಂದೆ ನುಂಗಿಹಾಕುತ್ತಿದ್ದವು. ಅಂಚಿನಲ್ಲಿ ಇಣುಕುವ ಮೈಕು, ಪ್ಲೈವುಡ್ಡಿನ ಗೋಡೆಯ ಕೀಲು ಮಸುಕಿನಲ್ಲಿ ಮುಚ್ಚಿಹೋಗುತ್ತಿದ್ದವು. ಈಗ ಫಿಲ್ಮನ್ನು ತೊಳೆದು ಡಿಜಿಟಲ್ ಮಾಡಿದಾಗ ಅವು ಎದ್ದು ಕಾಣುತ್ತವೆ. ‘ನಾಗರಹಾವು’ ಕೂಡ 2018ರಲ್ಲಿ ಹೀಗೆ ಹೊಸದಾಗಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಜಯಂತಿಯವರು ಒನಕೆ ಹಿಡಿದು ನಿಂತ ಓಬವ್ವನ ಹಾಡಿನಲ್ಲಿ ಬಂಡೆಯ ತರಿ ತರಿ ಮೈಯನ್ನು ಹತ್ತಿರದಿಂದ ನೋಡುತ್ತಾ ಕೂತೆ. ಅವತ್ತು ನಾನು ಒಂದು ತಪ್ಪನ್ನೂ ಹುಡುಕಲಿಲ್ಲ.

ತಪ್ಪು ಕಲ್ಪನೆ: ತಪ್ಪು ಹಿಡಿಯಲು ಸಿನಿಮಾ ಶಾಸ್ತ್ರ ಓದಿರಬೇಕು.

ವಾಸ್ತವ: ನೆಲ ಗೊತ್ತಿದ್ದರೆ ಸಾಕು. ಹೈದರಾಲಿಯ ಕಾಲದ ಕತೆಯನ್ನು ಇಂದು ನಮ್ಮ ಕೋಟೆಯ ಮೇಲೆ ಚಿತ್ರೀಕರಿಸುವವರು ಕ್ಯಾಮೆರಾವನ್ನು ಎತ್ತ ತಿರುಗಿಸಬಾರದು ಎಂಬುದನ್ನು ಮೊದಲು ಕೇಳಿ ತಿಳಿಯಬೇಕು; ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಸಾಲುಗಳಲ್ಲೂ ಹಾಗೆಯೇ. ‘ನಾಗರಹಾವು’ ತೆಗೆದ ದಿನಗಳಲ್ಲಿ ಆ ನೆತ್ತಿಗಳು ಬೋಳಾಗಿದ್ದವು.

ಇನ್ನು ಹಿರಿಯೂರಿನ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿದ ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. 1970ರ ದಶಕದ ಕತೆ ಹೇಳುವ ಯಾವುದೇ ಚಿತ್ರದಲ್ಲಿ ನಾಯಕ ನಾಯಕಿ ಕೋಡಿ ಹರಿಯುವ ಮಾರಿಕಣಿವೆಯ ಮುಂದೆ ನಿಂತರೆ, ಕಾಲೇಜಿನಲ್ಲಿ ಸಿನಿಮಾ ಕಲಿತವರು ಸುಮ್ಮನೆ ನೋಡುತ್ತಾ ಕೂತಿರಬಹುದು. ಹಿರಿಯೂರಿನ ಅಜ್ಜಿಯೊಬ್ಬಳು ಮಾತ್ರ ‘ಆಗ ಕೋಡಿ ಎಲ್ಲಿ ಬಿದ್ದಿತ್ತಪ್ಪಾ’ ಎಂದು ಕೇಳುತ್ತಾಳೆ.