ಬಿಡುವಿಲ್ಲದವರಿಗೂ ಬೇಕು ಬಣ್ಣದ ಬಿಡುವು

ಚಿತ್ರ ಬರೆಯಿರಿ, ಕಸೂತಿ ಹಾಕಿರಿ, ಮಣ್ಣಿನಲ್ಲಿ ಏನಾದರೂ ಮಾಡಿರಿ, ಮನಸ್ಸಿಗೆ ಹಗುರವಾಗುತ್ತದೆ ಎಂದು ಯಾರಿಗಾದರೂ ಹೇಳಿ ನೋಡಿ. ತಕ್ಷಣ ಬರುವ ಉತ್ತರ ಒಂದೇ: ‘ಪುರಸೊತ್ತರ ಎಲ್ಲೈತ್ರೀ?’ ಕಚೇರಿಗೆ ಹೋಗುವವರ ಮಾತೂ ಇದೇ, ಹೊಲಕ್ಕೆ ಹೋಗುವವರ ಮಾತೂ ಇದೇ. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಬಿಡುವು ಸಿಕ್ಕ ಮೇಲೆ ಕಲೆ ಎಂದು ಕಾದು ಕುಳಿತರೆ ಆ ದಿನ ಬರುವುದೇ ಇಲ್ಲ.

ಶಹಾಪುರ ತಾಲ್ಲೂಕಿನ ವನದುರ್ಗವನ್ನೇ ತೆಗೆದುಕೊಳ್ಳೋಣ. ಸುರಪುರ ನಾಯಕರ ಕಾಲದ ಕೋಟೆಯಿರುವ ಊರು ಅದು. ಆ ಸೀಮೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಬೆಳಗಾಗುವ ಮುಂಚೆಯೇ ದುಡಿಮೆ ಶುರುವಾಗುತ್ತದೆ. ಕಸ ಗುಡಿಸುವುದು, ನೀರು ತುಂಬುವುದು, ರೊಟ್ಟಿ ಬಡಿಯುವುದು, ಸುಗ್ಗಿಯಾದರೆ ಹತ್ತಿ ಬಿಡಿಸಲು ಹೋಗುವುದು. ಇಷ್ಟರ ನಡುವೆಯೂ ಅಂಗಳಕ್ಕೆ ನೀರು ಚಿಮುಕಿಸಿ ನಾಲ್ಕು ಎಳೆ ರಂಗೋಲಿ ಬಿಡುವುದು ತಪ್ಪಿದ್ದಿಲ್ಲ. ಅದಕ್ಕೆ ಪ್ರತ್ಯೇಕ ಸಮಯವನ್ನು ಯಾರೂ ತೆಗೆದಿಟ್ಟವರಲ್ಲ. ಕಸ ಗುಡಿಸಿದ ಕೈ ತಾನಾಗಿಯೇ ರಂಗೋಲಿ ಬಟ್ಟಲಿಗೆ ಹೋಗುತ್ತಿತ್ತು. ಒಂದು ಕೆಲಸದ ಬಾಲಕ್ಕೆ ಇನ್ನೊಂದನ್ನು ಕಟ್ಟುವ ಈ ಉಪಾಯದಲ್ಲೇ ದಿನನಿತ್ಯದ ಅಭ್ಯಾಸದ ಗುಟ್ಟು ಅಡಗಿದೆ.

ಇಂದು ಅನೇಕ ಮನೆಗಳ ಹೊಸ್ತಿಲ ಮುಂದೆ ಪ್ಲಾಸ್ಟಿಕ್ ರಂಗೋಲಿ ಅಂಟಿಕೊಂಡಿದೆ. ಅದು ನೋಡಲು ಚೆಂದ, ಅಳಿಸುವುದೂ ಇಲ್ಲ. ಆದರೆ ಚುಕ್ಕಿ ಎಣಿಸುತ್ತ, ಎಳೆ ತಪ್ಪದಂತೆ ಬೆರಳು ನಡೆಸುತ್ತ ಮನಸ್ಸು ಒಂದೆಡೆ ನಿಲ್ಲುತ್ತಿದ್ದ ಆ ಐದು ನಿಮಿಷ ಮಾತ್ರ ಮಾಯವಾಗಿದೆ.

ಅಧ್ಯಯನಗಳು ಏನು ಹೇಳುತ್ತವೆ?

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ವರದಿಯೊಂದನ್ನು ಪ್ರಕಟಿಸಿತು. ಕಾಯಿಲೆ ಬರದಂತೆ ತಡೆಯುವುದರಲ್ಲಿಯೂ ಬಂದ ಕಾಯಿಲೆಯನ್ನು ನಿಭಾಯಿಸುವುದರಲ್ಲಿಯೂ ಕಲೆಗೆ ಪಾತ್ರವಿದೆ ಎಂಬುದು ಅದರ ಸಾರ.

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 39 ಜನ ವಯಸ್ಕರಿಗೆ ಜೇಡಿಮಣ್ಣು, ಕಾಗದ, ಬಣ್ಣದ ಪೆನ್ನು ಕೊಟ್ಟು 45 ನಿಮಿಷ ಇಷ್ಟ ಬಂದದ್ದನ್ನು ಮಾಡಲು ಬಿಟ್ಟರು. ಅವರಲ್ಲಿ ಸುಮಾರು ಶೇ 75ರಷ್ಟು ಜನರ ಜೊಲ್ಲಿನಲ್ಲಿ, ಒತ್ತಡದ ಸಮಯದಲ್ಲಿ ದೇಹ ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪ್ರಮಾಣ ಇಳಿದಿತ್ತು. ಚಿತ್ರ ಬರೆದು ರೂಢಿಯಿದ್ದವರಿಗೂ ಇಲ್ಲದವರಿಗೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಚಿಕ್ಕ ಅಧ್ಯಯನ. ಉಳಿದವರಲ್ಲಿ ಕಾರ್ಟಿಸಾಲ್ ಇಳಿಯಲಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂದು ಹಿಂಜರಿಯುವವರಿಗೆ ಇಲ್ಲೊಂದು ಧೈರ್ಯದ ಮಾತಿದೆ.

ಅಭ್ಯಾಸ ಬೇರೂರಲು ಎಷ್ಟು ದಿನ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದರು. ತಿಂಡಿಯಾದ ಮೇಲೆ ಎಂಬಂಥ ನಿತ್ಯದ ಗುರುತಿಗೆ ಒಂದು ಹೊಸ ಕೆಲಸವನ್ನು ಕಟ್ಟಿಕೊಳ್ಳಲು ಅವರಿಗೆ ಹೇಳಲಾಗಿತ್ತು. ಕೆಲಸ ತಾನೇ ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡಲಿಲ್ಲ. ಆದ್ದರಿಂದ ಒಂದು ವಾರ ಮಾಡಿ ‘ನನ್ನಿಂದಾಗದು’ ಎಂದು ಕೈಬಿಡಬೇಡಿ. ಜ್ವರ ಬಂತು, ಜಾತ್ರೆ ಬಂತು, ಎರಡು ದಿನ ತಪ್ಪಿತು. ಮೂರನೆಯ ದಿನ ಮತ್ತೆ ಕೂಡಿರಿ.

ಏನು ಮಾಡಬಹುದು?

ಸುರಪುರವು ತನ್ನದೇ ಚಿತ್ರಕಲೆಗೆ ಹೆಸರಾದ ಊರು. ಗರುಡಾದ್ರಿ ಮನೆತನದವರಂಥ ಕಲಾವಿದರು ಸಣ್ಣ ಕುಂಚ ಹಿಡಿದು, ಬಂಗಾರದ ಬಣ್ಣ ಬಳಸಿ ಬರೆದ ಕುಸುರಿ ಚಿತ್ರಗಳು ಅಲ್ಲಿನವು. ಅದು ವರ್ಷಗಟ್ಟಲೆಯ ಸಾಧನೆ. ಮನೆಮಂದಿಗೆ ಅಷ್ಟೆಲ್ಲ ಬೇಕಿಲ್ಲ. ಅದೇ ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಹಗಲಿಡೀ ರಾಜ್ಯದ ತಂಟೆ ತಕರಾರುಗಳ ನಡುವೆ ಇದ್ದವನು. ಆದರೂ ಚಿತ್ರ ಬರೆಯುವುದು ಅವನಿಗೆ ಪ್ರಿಯವಾದ ಹವ್ಯಾಸವಾಗಿತ್ತು. ಹವ್ಯಾಸಕ್ಕೆ ಕೆಲಸವಿಲ್ಲದವರೇ ಬೇಕೆಂದೇನಿಲ್ಲ.

ನಮ್ಮಲ್ಲಿ ಸಾಮಗ್ರಿಗೂ ಕೊರತೆಯಿಲ್ಲ. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಕೌದಿ ಹೊಲಿಯಬಹುದು. ದಿನಕ್ಕೆ ಎರಡು ಸಾಲು ಹೊಲಿಗೆ ಹಾಕಿದರೂ ಮಳೆಗಾಲದ ಹೊತ್ತಿಗೆ ಮೊಮ್ಮಗುವಿಗೆ ಹೊದಿಕೆ ಸಿದ್ಧ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಕ್ಕಳ ಕೈಗೆ ಬೇರೆ ದಿನಗಳಲ್ಲಿಯೂ ಒಂದು ಮುದ್ದೆ ಮಣ್ಣು ಕೊಡಿ. ಮಕ್ಕಳು ಬರೆದು ಬಿಟ್ಟ ನೋಟ್‌ಬುಕ್ಕಿನ ಖಾಲಿ ಹಾಳೆ ಮತ್ತು ಒಂದು ಪೆನ್ಸಿಲ್ ಇದ್ದರೆ ತಾತನಿಗೂ ಸಾಕು. ಎದುರಿಗಿರುವ ತಂಬಿಗೆ, ಬೇವಿನ ಟೊಂಗೆ, ಕಟ್ಟೆಯ ಮೇಲೆ ಮಲಗಿದ ಬೆಕ್ಕು, ಯಾವುದನ್ನು ಬರೆದರೂ ಆದೀತು.

ಸಮಯದ ಬಗ್ಗೆ ಒಂದೇ ಸೂತ್ರ: ಹೊಸದಾಗಿ ಹುಡುಕಬೇಡಿ, ಇದ್ದದ್ದಕ್ಕೆ ಕಟ್ಟಿಕೊಳ್ಳಿ. ಸಂಜೆಯ ಚಹಾ ಆದ ಮೇಲೆ ಹತ್ತು ನಿಮಿಷ, ಅಥವಾ ಮಕ್ಕಳು ಓದಲು ಕೂತಾಗ ಅವರ ಪಕ್ಕದಲ್ಲಿ ಹತ್ತು ನಿಮಿಷ. ಸಾಮಾನುಗಳು ಪೆಟ್ಟಿಗೆಯ ತಳದಲ್ಲಿರದೆ ಕೈಗೆ ಎಟಕುವಂತಿರಲಿ. ಮೊಬೈಲು ಮಾತ್ರ ಬೇರೆ ಕೋಣೆಯಲ್ಲಿರಲಿ.

ಮನೆಯವರಿಗೊಂದು ಮಾತು

ಅಪ್ಪ ಪೇಪರು ಓದುವಾಗ ಯಾರೂ ಕರೆಯುವುದಿಲ್ಲ. ಅವ್ವ ಸೂಜಿ ಹಿಡಿದು ಕೂತರೆ ಮಾತ್ರ ‘ನೀರು ಕೊಡು’, ‘ನನ್ನ ಅಂಗಿ ಎಲ್ಲಿ?’ ಎಂಬ ಕೂಗು ನಿಲ್ಲುವುದಿಲ್ಲ. ಮನೆಯ ಹೆಣ್ಣುಮಕ್ಕಳಿಗೆ ಬಿಡುವಿಲ್ಲ ಎನ್ನುವುದಕ್ಕಿಂತ, ಇರುವ ಬಿಡುವನ್ನು ನಾವೇ ತುಂಡು ತುಂಡು ಮಾಡುತ್ತಿದ್ದೇವೆ ಎನ್ನುವುದೇ ಸರಿ. ದಿನಕ್ಕೆ ಕಾಲು ಗಂಟೆ ಅವರನ್ನು ಕರೆಯದಿರುವುದೂ ಒಂದು ಆರೈಕೆಯೇ. ದುಡಿಯಲು ಮಕ್ಕಳು ಬೆಂಗಳೂರು, ಪುಣೆ, ಮುಂಬಯಿಗೆ ಹೋಗಿ ಊರಲ್ಲಿ ಒಂಟಿಯಾಗಿ ಉಳಿದ ಹಿರಿಯರಿಗಂತೂ ಕೈಗೊಂದು ಕೆಲಸ, ಪಕ್ಕದಲ್ಲಿ ಕೂತು ಹೊಲಿಯುವ ಇನ್ನೊಬ್ಬರ ಜೊತೆ ಎರಡೂ ಬೇಕು.

ಎಚ್ಚರಿಕೆಗಳು

ಮಂಡಿನೋವಿದ್ದವರು ಕುಕ್ಕರಗಾಲಿನಲ್ಲಿ ಕೂತು ರಂಗೋಲಿ ಹಾಕುವ ಬದಲು ಮಣೆ ಅಥವಾ ಸ್ಟೂಲಿನ ಮೇಲೆ ಕೂತು ಹಲಗೆಯ ಮೇಲೆ ಹಾಕಬಹುದು. ಕಲ್ಲಿನ ಪುಡಿಯ ಧೂಳು ಉಸಿರಿಗೆ ಹೋಗದಿರಲಿ; ದಮ್ಮಿನ ತೊಂದರೆಯಿದ್ದವರಿಗೆ ಅಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿ ಬರೆಯುವುದು ಲೇಸು. ಕುಂಚವನ್ನು ಬಾಯಲ್ಲಿಟ್ಟು ಮೊನೆ ಮಾಡುವ ಚಾಳಿ ಬೇಡ. ಹಿಂದಿನ ಚಿತ್ರಕಾರರು ಬಳಸುತ್ತಿದ್ದ ಹರಿದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುತ್ತದೆ. ಇಂದಿನ ಕೆಲವು ಬಣ್ಣಗಳಲ್ಲಿಯೂ ಸೀಸವಿರುವುದುಂಟು. ಹೊಲಿಯುವಾಗ ಬೆಳಕು ಚೆನ್ನಾಗಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಿ.

ಕೊನೆಯದಾಗಿ, ಕಲೆ ಔಷಧಿಗೆ ಬದಲಿಯಲ್ಲ. ಎರಡು ವಾರ ಕಳೆದರೂ ಮನಸ್ಸಿನ ಮಂಕು ಹೋಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಬದುಕೇ ಬೇಡ ಎನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ದೂರವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಸಲಹೆ ಸಿಗುತ್ತದೆ. ಅಂಥ ತೊಂದರೆ ಇಲ್ಲದವರು ಇಂದೇ ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಬರೆದದ್ದು ಚೆಂದವಿರಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ನಾಳೆ ಅದೇ ಹೊತ್ತಿಗೆ ಮತ್ತೆ ಕೂತರೆ ಸಾಕು.